ಮೈಲಿಗೆ ಒಂದು ರೂಪಾಯಿ

ನಮ್ಮ ದೊಡ್ಡಪ್ಪನಿಗೆ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಸಿಟ್ಟು ಅವರಲ್ಲೇ ಕಾಯಂ ವಾಸ. ಬಂದು ಹೋಗುತ್ತಿದ್ದದ್ದು ಸಮಾಧಾನ, ಅದೂ ನೆಂಟರ ಹಾಗೆ! ಹಿಂದೂಪುರದಲ್ಲಿ ಬೀದಿ ಕೊನೆಯ ಅಂಗಡಿಗೂ ಜಟಕಾ ಹತ್ತುತ್ತಿದ್ದ ಈ ಮನುಷ್ಯ ಒಂದು ಬೆಳಿಗ್ಗೆ, "ಕಲ್ಯಾಣದುರ್ಗಕ್ಕೆ ನಡ್ಕೊಂಡು ಹೋಯ್ತೀನಿ" ಅಂದುಬಿಟ್ಟರು.

ಕಾರಣ? ಸಿಟ್ಟೇ! ಅಲ್ಲಿ ನಡೆಯಲಾರದ ಮಕ್ಕಳ ಶಾಲೆಯೊಂದಿತ್ತು. ಕಕ್ಕಸಿಲ್ಲ, ನಲ್ಲಿಯಿಲ್ಲ. ಮಕ್ಕಳು ತೆವಳಿಕೊಂಡು ಪಕ್ಕದ ಮನೆಯ ನಲ್ಲಿಗೆ ಹೋದರೆ, ಆ ಮನೆಯವರು "ಮೈಲಿಗೆ" ಎಂದು ಗೇಟು ಹಾಕಿಕೊಂಡಿದ್ದರು. ಅದನ್ನು ಕಣ್ಣಾರೆ ಕಂಡು ಬಂದ ದೊಡ್ಡಪ್ಪ, "ಆ ಮಕ್ಕಳಿಗೆ ಆಗಲ್ಲ, ನಮಗಾಯ್ತದಲ್ಲ, ನಾವು ನಡೀಬೇಕು ಕಣ್ಲಾ!" ಎಂದು ಮನೆಯಿಡೀ ಹಾರಾಡಿದರು. ಅವರು ನಡೆದ ಒಂದೊಂದು ಮೈಲಿಗೂ ಊರವರು ಒಂದೊಂದು ರೂಪಾಯಿ ಕೊಡಬೇಕು, ಅದರಲ್ಲಿ ಶಾಲೆಗೆ ನಲ್ಲಿ, ಕಕ್ಕಸು ಆಗಬೇಕು. ಇದು ಏರ್ಪಾಡು.

ಮೊದಲ ಅಂಗಡಿಯಲ್ಲೇ ಎಡವಟ್ಟು! "ಮೈಲಿಗೆ ಒಂದು ರೂಪಾಯಿ ಕೊಡಿ ಸಾವ್ಕಾರ್ರೇ" ಎಂದರೆ, ಆತ ಗಲ್ಲಾಪೆಟ್ಟಿಗೆ ತಬ್ಬಿಕೊಂಡು ಹಿಂದೆ ಸರಿದ.

"ಮೈಲಿಗೇಲಿ ಅಂಗಡಿಗ್ಯಾಕೆ ಬಂದ್ರಿ? ಯಾರು ಹೋದ್ರು ಸ್ವಾಮಿ?"

"ನಿನ್ನ ಬುದ್ಧಿ ಹೋಯ್ತು ಕಣಯ್ಯ!"

ಹೆದರಿದ ಸಾವ್ಕಾರ ಮೈಲಿಗೆ ಎರಡು ರೂಪಾಯಿಯಂತೆ ಕೊಡಲು ಒಪ್ಪಿಕೊಂಡ.

ಹೊರಟೆವು. ನೀರಿನ ಕ್ಯಾನು ಹೊತ್ತು ನಾನು ಹಿಂದೆ. ಕುಂದುರ್ಪಿ ಹತ್ತಿರ ಬಸ್ಸೊಂದು ಪಕ್ಕದಲ್ಲೇ ನಿಂತು, ಕಂಡಕ್ಟರ್ ಕರುಣೆಯಿಂದ ತೆಲುಗಿನಲ್ಲಿ, "ಎಕ್ಕಂಡಿ ಸ್ವಾಮಿ, ಟಿಕೆಟ್ ವದ್ದು" ಎಂದ. ಹತ್ತಿ, ಟಿಕೆಟ್ ಬೇಡ ಅಂತ! "ಬಿಟ್ಟಿ ಹತ್ತೋಕೆ ಇದೇನು ನಿಮ್ಮಪ್ಪನ ಬಸ್ಸೇನ್ಲಾ?" ಎಂದು ದೊಡ್ಡಪ್ಪ ಗದರಿದರು. ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು, "ಹೆಂಡ್ತಿ ಜೊತೆ ಜಗಳ ಆಡ್ಕಂಡು ಹೊಂಟವ್ರೆ, ಪಾಪ" ಎಂದಳು.

"ಹೆಂಡ್ತಿ ಜೊತೆಗಲ್ಲ ಕಣಮ್ಮ, ಊರಿನ ಜೊತೆ!"

ಅಷ್ಟರಲ್ಲಿ ನನಗೂ ರೇಗಿಹೋಗಿತ್ತು. ಮಕ್ಕಳ ಮುಖಕ್ಕೆ ಗೇಟು ಹಾಕಿದವರು ಫ್ಯಾನಿನ ಕೆಳಗೆ ಮಲಗಿರಬೇಕು, ಈ ಮುದುಕ ಬೊಬ್ಬೆ ಎದ್ದ ಕಾಲು ಎಳೆದುಕೊಂಡು ಬಿಸಿಲಲ್ಲಿ ಸಾಯಬೇಕೆ? ಯಾವ ಊರಿನ ನ್ಯಾಯ ಇದು!

ನಾಲ್ಕನೇ ದಿನ ಕೊನೆಗೂ ಶಾಲೆ ಸೇರಿದೆವು. ಒಬ್ಬಳು ಪುಟ್ಟ ಹುಡುಗಿ ಒಂದು ಕೈಯೂರಿ ತೆವಳುತ್ತಾ, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಬಂದಳು. ಬಂದವರಿಗೆ ಕಾಲಿಗೆ ನೀರು ಕೊಡಬೇಕಲ್ಲ! ಅವಳೇ ತೊಳೆಯಲು ಕೈಚಾಚಿದಾಗ, ದೊಡ್ಡಪ್ಪ ಸಂಕೋಚದಿಂದ ಧೂಳುಗಾಲನ್ನು ಹಿಂದಕ್ಕೆಳೆದುಕೊಂಡರು.

ಅವಳ ಮುಖ ಸಣ್ಣದಾಯಿತು. "ನಾನ್ ಮುಟ್ಟುದ್ರೆ ಮೈಲಿಗೆನಾ, ತಾತ?"

ದಾರಿಯುದ್ದಕ್ಕೂ ಬೈದುಕೊಂಡು ಬಂದ ದೊಡ್ಡಪ್ಪ ಅವಳೆದುರು ನೆಲದ ಮೇಲೆ ಕುಸಿದು ಕೂತು, ಎರಡೂ ಕಾಲು ಅವಳ ಮುಂದೆ ಚಾಚಿದರು. ಕಣ್ಣಲ್ಲಿ ನೀರು.

"ಮೈಲಿಗೆ ಅಂದ್ರೆ ದೂರ ಕಣಮ್ಮ. ಅದುನ್ನೆಲ್ಲಾ ನಡ್ದು ಮುಗಿಸ್ಬುಟ್ಟೆ."