ನಮ್ಮ ಬಾಲ್ಕನಿಯ ದೀಪಗಳು ತಾಳ ಕಲಿತದ್ದು

ನಾನು ಹೊಸದೇನಾದರೂ ಶುರು ಮಾಡಿದೆ ಅಂದರೆ ಸಾಕು, ಅದು ಯಾಕೆ ಆಗುವುದಿಲ್ಲ ಅಂತ ಹೇಳುವುದಕ್ಕೆ ಲಕ್ಷ್ಮೀಪುರಂನ ನಮ್ಮ ಬೀದಿಯಲ್ಲಿ ಒಬ್ಬರಲ್ಲ ಒಬ್ಬರು ಬಾಗಿಲು ತಟ್ಟುತ್ತಾರೆ. ಸ್ಕೂಟರ್ ಕಲಿತಾಗ ತಟ್ಟಿದ್ದರು, ತಾರಸಿಯಲ್ಲಿ ಅಣಬೆ ಬೆಳೆದಾಗ ತಟ್ಟಿದ್ದರು. ಹೋದ ವರ್ಷ ಕ್ರಿಸ್ಮಸ್‌ಗೆ, ಹಾಡಿಗೆ ತಕ್ಕ ಹಾಗೆ ಕುಣಿಯುವ ದೀಪಗಳನ್ನು ಬಾಲ್ಕನಿಗೆ ಕಟ್ಟುತ್ತೇನೆ ಅಂದಾಗಂತೂ ನಾನೇ ಬಾಗಿಲು ತೆರೆದಿಟ್ಟೆ. ಎಷ್ಟು ಜನ ಬರುತ್ತಾರೋ ಬರಲಿ ಅಂತ.

ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಹುಡುಗರಿಗೆ ‘ಶ್’ ಅಂದು ಅಂದು ತುಟಿ ಸವೆದಿದೆ. ವರ್ಷಕ್ಕೊಂದು ಸಲ ನನ್ನ ಮನೆಯಾದರೂ ಗಲಾಟೆ ಮಾಡಲಿ ಅನ್ನುವ ಆಸೆ. ತೊಂದರೆ ಏನೆಂದರೆ ಅದು ನನ್ನ ಮನೆಯಲ್ಲ. ನಾವು ಮಹಡಿಯ ಬಾಡಿಗೆದಾರರು. ಕೆಳಗಿರುವ ಓನರ್, ಜೀವಮಾನವೆಲ್ಲ ವೀಣೆ ಪಾಠ ಹೇಳಿ ನಿವೃತ್ತರಾದ ಮೇಡಂ. ಅವರ ಕಿವಿಗೆ ಬೀಳುವ ಹಾಗೆ ಕೊಬ್ಬರಿ ಕುಟ್ಟಿದರೂ ತಾಳ ತಪ್ಪಬಾರದು.

ಅವರು ಅನುಮತಿ ಕೊಟ್ಟದ್ದು ಹೀಗೆ: “ಕಟ್ಟಮ್ಮ, ಬೇಡ ಅನ್ನಲ್ಲ. ಕ್ರಿಸ್ಮಸ್ ಹಿಂದಿನ ದಿನ ಸಂಜೆ ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಒಂದು ಹಾಡು ಪೂರ್ತಿ ನೋಡ್ತೀನಿ. ದೀಪ ತಾಳ ತಪ್ಪಿದ್ರೆ ಅವತ್ತೇ ಬಿಚ್ಚಿಬಿಡ್ಬೇಕು. ಮತ್ತೆ ಯಾವ ವರ್ಷವೂ ಕಟ್ಟಬಾರದು.”

ನಮ್ಮವರು ಬೇಡ ಬೇಡ ಅಂತ ಹಿಂದಿನಿಂದ ನನ್ನ ದುಪಟ್ಟಾ ಎಳೆದರು. ಕಿತ್ತುಕೊಂಡು, “ಆಗಲಿ ಮೇಡಂ” ಅಂದೆ.

ತಲೆ ಯಾವುದು, ಬಾಲ ಯಾವುದು

ಇದು ಮಾಮೂಲಿ ಸೀರಿಯಲ್ ಸೆಟ್ ಅಲ್ಲ. ಸರದ ಒಂದೊಂದು ಬಲ್ಬಿಗೂ ಬೇರೆ ಬೇರೆ ಅಪ್ಪಣೆ ಕೊಡಬಹುದು. ಅಪ್ಪಣೆ ಕೊಡುವುದು ಕಂಟ್ರೋಲರ್ ಅನ್ನುವ ಪುಟ್ಟ ಡಬ್ಬಿ, ಅದಕ್ಕೆ ಪಾಠ ಹೇಳುವುದು ನನ್ನ ಲ್ಯಾಪ್‌ಟಾಪ್. ಎಲ್ಲ ಕಟ್ಟಿ ಸ್ವಿಚ್ ಹಾಕಿದೆ. ಒಂದೇ ಒಂದು ಬಲ್ಬೂ ಹತ್ತಲಿಲ್ಲ.

ಇಡೀ ಭಾನುವಾರ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ, ಕೊನೆಗೆ ಗೊತ್ತಾಯಿತು. ಸರದ ಮೇಲೆ ಸಣ್ಣ ಬಾಣದ ಗುರುತಿದೆ, ಅಪ್ಪಣೆ ಆ ದಿಕ್ಕಿಗೇ ಹೋಗಬೇಕು. ನಾನು ಬಾಲದ ಕಡೆಯಿಂದ ಜೋಡಿಸಿದ್ದೆ.

ನಮ್ಮವರಿಗೆ ಅಷ್ಟೇ ಬೇಕಾಗಿತ್ತು. “ನೋಡ್ದಾ, ತಲೆ ಬಾಲ ಗೊತ್ತಿಲ್ದೆ ಕೈ ಹಾಕಿದ್ರೆ ಹಿಂಗೇ ಆಗೋದು.”

“ಮದುವೇನೂ ಹಂಗೇ ಆದೆ. ಬಿಟ್ಟೋದ್ನಾ?” ಅಂದೆ.

ಆಮೇಲೆ ಅವರು ಹೋಗಿ ಏಣಿ ಹಿಡಿದುಕೊಂಡರು.

ಲೂಸ್ ಕನೆಕ್ಷನ್

ಮೈಸೂರಿನವರಿಗೆ ದೀಪಾಲಂಕಾರ ಅಂದರೆ ಅರಮನೆಯದು. ಎಲ್ಲ ಒಂದೇ ಸಲ ಹತ್ತಬೇಕು, ಜನ ‘ಆಹಾ’ ಅನ್ನಬೇಕು, ಆಮೇಲೆ ದೀಪಗಳು ಗಂಭೀರವಾಗಿ ನಿಂತಿರಬೇಕು. ನನ್ನವು ಮಿಣುಕಿದ್ದೇ ತಡ, ಎದುರುಮನೆಯ ನಿವೃತ್ತ ಎಂಜಿನಿಯರ್ ಕೈಯಲ್ಲಿ ಟೆಸ್ಟರ್ ಹಿಡಿದು ಮೆಟ್ಟಿಲು ಹತ್ತಿ ಬಂದುಬಿಟ್ಟರು.

“ಲೂಸ್ ಕನೆಕ್ಷನ್ ಕಣಮ್ಮ. ಮೊದಲು ಆಫ್ ಮಾಡು.”

“ಇಲ್ಲ ಸರ್, ಬೇಕಂತಲೇ ಮಿಣುಕಿಸ್ತಿದೀನಿ.”

“ಬೇಕಂತ ಯಾರಾದ್ರೂ ಮಿಣುಕಿಸ್ತಾರೇನಮ್ಮ? ನಮ್ಮ ಅರಮನೇಲಿ ಅಷ್ಟೊಂದು ಬಲ್ಬಿದಾವೆ, ಒಂದಾದ್ರೂ ಕಣ್ಣು ಹೊಡೆಯುತ್ತಾ?”

“ಅರಮನೆಗೆ ವಯಸ್ಸಾಯ್ತು ಸರ್. ನನ್ನ ಬಾಲ್ಕನಿಗೆ ಇನ್ನೂ ಪ್ರಾಯ” ಅಂದೆ.

ಅವರು ಸೋಲುವ ಪೈಕಿಯಲ್ಲ. ಸರದ ತುದಿ ತೋರಿಸಿದರು. ಬೆಳ್ಳಗಿರಬೇಕಾದ ಕೊನೆಯ ಬಲ್ಬುಗಳು ಹಳದಿಗೆ ತಿರುಗಿದ್ದವು. ಸರ ಉದ್ದವಾದರೆ ತುದಿಗೆ ಕರೆಂಟ್ ಸಾಲದೆ ಹಾಗಾಗುತ್ತದೆ, ಆ ಕಡೆಯಿಂದಲೂ ಒಂದು ವೈರ್ ಕೊಡಬೇಕು. ಇದನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ, ಹಬ್ಬಕ್ಕೆಂದು ಊರಿನಿಂದ ಬಂದಿದ್ದ ನಮ್ಮಮ್ಮ ಅಡುಗೆಮನೆಯಿಂದ ಇಣುಕಿದಳು.

“ಕಾಮಾಲೆ ಕಣೇ ಅದು. ಕಿರುನೆಲ್ಲಿ ಸೊಪ್ಪು ಅರ್ದು ಕೊಡು.”

ಎಂಜಿನಿಯರ್ ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂತರು. ಎರಡನೇ ವೈರನ್ನು ಕೊನೆಗೆ ಅವರೇ ಎಳೆದುಕೊಟ್ಟರು, ‘ಔಷಧಿ’ ಅಂತ ಹೇಳಿ.

ಅಮ್ಮನ ತಕರಾರು

ನಮ್ಮ ಕಡೆ ದೀಪ ‘ಆರಿಸಿದೆ’ ಅನ್ನುವುದಿಲ್ಲ, ‘ದೊಡ್ಡದು ಮಾಡಿದೆ’ ಅನ್ನುತ್ತಾರೆ. ಚರ್ಚಿಗೆ ಹೋಗುವವಳಾದರೂ ಅಮ್ಮ ಅದನ್ನು ಬಿಟ್ಟವಳಲ್ಲ. ಹಾಡಿನ ನಡುವೆ ಅಷ್ಟೂ ದೀಪ ಆರಿ, ಮತ್ತೆ ಹತ್ತಿದ್ದನ್ನು ಕಂಡು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

“ಯೇಸುಸ್ವಾಮಿ ಹುಟ್ಟೋ ಹೊತ್ನಲ್ಲಿ ದೀಪ ಕೆಡಿಸ್ಬುಟ್ಯಲ್ಲೇ, ಮೂದೇವಿ!”

“ಮತ್ತೆ ಹತ್ತುತ್ತಲ್ಲಮ್ಮ.”

“ಹತ್ಲಿ. ಕೆಡೋದ್ಯಾಕೆ?”

ದೀಪ ಕಟ್ಟುವುದನ್ನು ಕಲಿಯಲು ನಾನು ನೋಡಿದ ಯಾವ ವಿಡಿಯೋದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಬೀದಿಗೆಲ್ಲ ಎದುರು ನಿಲ್ಲಬಲ್ಲೆ, ಅಮ್ಮನಿಗೆ ನಿಲ್ಲಲಾರೆ. ಪೂರ್ತಿ ಆರಬೇಡಿ, ಸಣ್ಣಗಾದರೂ ಉರಿಯುತ್ತಿರಿ ಅಂತ ಬಲ್ಬುಗಳ ಅಪ್ಪಣೆ ಬದಲಾಯಿಸಿದೆ.

ಅಮ್ಮ ಹತ್ತಿರ ಹೋಗಿ ಬಗ್ಗಿ ನೋಡಿದಳು. “ಈಗ ಸರಿ. ಎಣ್ಣೆ ಮಾತ್ರ ಒಸಿ ಸಾಲ್ದು ಅನ್ಸುತ್ತೆ.”

ಅರ್ಧ ಅಕ್ಷರ

ಹಾಡು ನಮ್ಮ ಚರ್ಚಿನವರೇ ಹಾಡಿದ ಕನ್ನಡದ ಕ್ರಿಸ್ಮಸ್ ಹಾಡು. ಒಂದೊಂದು ಪೆಟ್ಟಿಗೂ ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿ ದೀಪ ಕೂರಿಸಿದ್ದೆ. ಒಂದು ಸಂಜೆ ಹಾಕಿ ನೋಡುವಾಗ ಮೇಡಂ ಹೂ ಕಟ್ಟುವುದನ್ನು ನಿಲ್ಲಿಸಿ ಅಂಗಳಕ್ಕೆ ಬಂದು ತಲೆ ಎತ್ತಿ ನಿಂತರು.

“ದೀಪ ಮುಂದೆ ಓಡ್ತಿದೆ. ತಾಳದಲ್ಲಿ ಅರ್ಧ ಅಕ್ಷರ.”

“ಕಂಪ್ಯೂಟರ್ ಲೆಕ್ಕ ಮೇಡಂ. ತಪ್ಪೋಕೆ ಸಾಧ್ಯಾನೇ ಇಲ್ಲ.”

“ಕಂಪ್ಯೂಟರ್‌ಗೆ ಯಾರ ಹತ್ರ ಪಾಠ ಆಯ್ತು?”

ಮೈಯೆಲ್ಲ ಉರಿದುಹೋಯಿತು. ಅವರದೇ ತಪ್ಪು ಅಂತ ತೋರಿಸಿಯೇ ತೀರುತ್ತೇನೆ ಅಂತ ಹಲ್ಲು ಕಚ್ಚಿ ಕೂತು ಪರೀಕ್ಷೆ ಮಾಡಿದೆ. ಅವರದೇ ಸರಿ. ನನ್ನ ಬ್ಲೂಟೂತ್ ಸ್ಪೀಕರಿಗೆ ಹಾಡು ತಲುಪುವಷ್ಟರಲ್ಲಿ ಚೂರು ತಡವಾಗುತ್ತಿತ್ತು. ಅಟ್ಟದ ಮೇಲಿದ್ದ ಹಳೆಯ ಕರೆಂಟ್ ಸ್ಪೀಕರ್ ಇಳಿಸಿ, ವೈರ್ ಎಳೆದು ಜೋಡಿಸಿದೆ. ಆದರೂ ತಲೆ ತಗ್ಗಿಸಲು ಮನಸ್ಸಾಗಲಿಲ್ಲ. ಕೆಳಗಿಳಿದು ಹೇಳಿದೆ, “ದೀಪದ್ದು ತಪ್ಪಿಲ್ಲ ಮೇಡಂ, ಹಾಡಿಂದೇ ತಡ.”

“ವಾದ್ಯದೋರೆಲ್ಲ ಹಂಗೇ ಹೇಳೋದು, ಹಾಡೋರ ತಪ್ಪು ಅಂತ. ನಾನೂ ಜೀವಮಾನವೆಲ್ಲ ಅದನ್ನೇ ಹೇಳ್ಕೊಂಡು ಬಂದೆ” ಅಂದರು.

ಮುಕ್ತಾಯ

ಆ ಸಂಜೆ ಬಂತು. ಬೀದಿಯ ಜನವೆಲ್ಲ ಗೇಟಿನ ಮುಂದೆ. ನಡುವೆ ಕುರ್ಚಿಯಲ್ಲಿ ಮೇಡಂ, ಪಕ್ಕದಲ್ಲಿ ಅಮ್ಮ. ನಮ್ಮವರು ಚರ್ಚಿಗೆ ಹೊರಡಬೇಕು ಅಂತ ಮೇಲೆ ಸ್ನಾನಕ್ಕೆ ಹೋಗಿದ್ದರು. ಹಾಡು ಶುರುವಾಯಿತು. ಮೇಡಂ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಈಗ ತಪ್ಪಿದರೆ ಇನ್ನು ಯಾವ ವರ್ಷವೂ ಇಲ್ಲ.

ಪಲ್ಲವಿ ದಾಟಿತು. ಚರಣಗಳು ದಾಟಿದವು. ಕೊನೆಯ ಚರಣದಲ್ಲಿ ಗಾಯಕರ ದನಿ ಮೇಲೇರಿತು, ಬಾಲ್ಕನಿಯ ನಡುವೆ ಬಲ್ಬುಗಳಿಂದ ಕಟ್ಟಿದ್ದ ನಕ್ಷತ್ರ ಝಗ್ಗನೆ ಬೆಳಗಿತು, ಮೇಡಂ ಎತ್ತಿದ ಕೈ ತೊಡೆಯ ಮೇಲೆ ಬಿತ್ತು. ಅದೇ ಕ್ಷಣಕ್ಕೆ ಫಟ್ಟಂತ ದೀಪ, ಹಾಡು ಎರಡೂ ನಿಂತುಹೋದವು. ಹಾಡಿನಲ್ಲಿ ಇನ್ನೂ ಎರಡು ಸಾಲು ಬಾಕಿ ಇತ್ತು.

ಅಮ್ಮ ಶಿಲುಬೆ ಗುರುತು ಹಾಕಿಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ.

“ಭೇಷ್!” ಮೇಡಂ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. “ಮುಕ್ತಾಯ ಅಂದ್ರೆ ಇದು! ಎಳೆದಾಡದೆ, ಕತ್ತರಿಸಿದ ಹಾಗೆ! ನನ್ನ ಶಿಷ್ಯರಲ್ಲಿ ಒಬ್ಬರಿಗೂ ಇದು ಬರಲಿಲ್ಲ ಕಣಮ್ಮ.”

ಬೀದಿಯೆಲ್ಲ ಚಪ್ಪಾಳೆ. ನಿಜ ಹೇಳಬಹುದಿತ್ತು. ಹೇಳಲಿಲ್ಲ. ಇಡೀ ತಿಂಗಳು ನನ್ನದಲ್ಲದ ತಪ್ಪಿಗೆಲ್ಲ ಮಾತು ಕೇಳಿದವಳು, ನನ್ನದಲ್ಲದ ಹೊಗಳಿಕೆಯನ್ನು ಮಾತ್ರ ಯಾಕೆ ವಾಪಸು ಕೊಡಲಿ? ಎಲ್ಲರಿಗೂ ಕೈಮುಗಿದೆ.

“ಪ್ರತಿ ವರ್ಷ ಕಟ್ಟಮ್ಮ, ಇದು ನಿನ್ನದೇ ಮನೆ” ಅಂದರು ಮೇಡಂ. “ಈಗ ಇನ್ನೊಂದು ಸಲ ಹಾಕು. ಮುಕ್ತಾಯ ಮಾತ್ರ ಅದೇ ಜಾಗಕ್ಕೆ ಬರಬೇಕು, ಚೂರೂ ಆಚೀಚೆ ಆಗಬಾರದು.”

ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದೆ. ಬಚ್ಚಲ ಬಾಗಿಲಲ್ಲಿ ನಮ್ಮವರು ಟವೆಲು ಸುತ್ತಿಕೊಂಡು, ಹೆದರಿ ನಿಂತಿದ್ದರು.

“ಗೀಸರ್ ಹಾಕಿದ್ದೇ ತಡ, ಮೇನೇ ಟ್ರಿಪ್ ಆಗೋಯ್ತು ಕಣೇ. ಕಾಯಿಲ್ ಹೋಗಿರ್ಬೇಕು. ಆಣೆಗೂ ಇನ್ನು ಮುಟ್ಟಲ್ಲ.”

“ಮುಟ್ಟಲ್ಲ ಅಂದ್ರೆ? ಮೇನ್ ಎತ್ತಿ ಇಲ್ಲೇ ನಿಂತ್ಕೊಳ್ರೀ. ಕಿಟಕಿಯಿಂದ ನನ್ನನ್ನೇ ನೋಡ್ತಿರಿ. ಕೊನೇ ಚರಣದಲ್ಲಿ ನಾನು ಕೈ ಎತ್ತಿದ ತಕ್ಷಣ ಗೀಸರ್ ಒತ್ತಿ.”

“ಬರೀ ಟವೆಲಲ್ಲಾ?”

“ತಾಳ ತಪ್ಪಿದ್ರೆ ಅದೂ ಇರಲ್ಲ.”