ಪ್ರೊಸೆಸರ್ ಬದಲಿಸಬೇಕೇ, ಬೇಡವೇ?

ನಮ್ಮ ಮನೆಯ ಕಂಪ್ಯೂಟರಿನ ಪ್ರೊಸೆಸರ್ ಬದಲಿಸಬೇಕೇ ಬೇಡವೇ ಎಂಬುದನ್ನು ನಾನೇ ತೀರ್ಮಾನಿಸುತ್ತೇನೆ, ಯಾರೂ ಬಾಯಿ ಹಾಕಕೂಡದು ಎಂದು ಸೋಮವಾರ ಬೆಳಿಗ್ಗೆ ಘೋಷಿಸಿದೆ. ಹನ್ನೆರಡು ವರ್ಷದ ಹಿಂದೆ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಜಾಲಾಡಿ, ವಡಾಲದ ಈ ಮೂರನೇ ಮಹಡಿಗೆ ಅದನ್ನು ಹೊತ್ತು ತಂದ ವೀರ ನಾನಲ್ಲವೇ!

ತೀರ್ಮಾನಕ್ಕೆ ಗಡುವಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಮಗಳು ಯಕ್ಷಿತಾಳಿಗೆ ಆನ್‌ಲೈನ್ ಸಂದರ್ಶನ. ವಿಲೆ ಪಾರ್ಲೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್ ಕೆಲಸ. ಕಂಪ್ಯೂಟರಿನಲ್ಲೇ ಒಂದು ಪಾಠ ಮಾಡಿ ತೋರಿಸಬೇಕು, ಮೊಬೈಲ್ ನಡೆಯದು. ನಮ್ಮ ಕಂಪ್ಯೂಟರೋ, ಹದಿನೈದು ನಿಮಿಷ ಬುಸುಗುಟ್ಟಿ ತಾನಾಗಿಯೇ ಬಂದ್ ಆಗುತ್ತಿತ್ತು.

‘ಹಳೆಯ ಪ್ರೊಸೆಸರ್ ಸಾಕೇ?’ ಎಂಬ ವಿಡಿಯೋ ಹಾಕಿ ಕುಳಿತೆ. ಅದರಲ್ಲಿದ್ದ ಪಂಡಿತ “ಹಾಗಾದರೆ ಕೊನೆಯ ಮಾತು ಏನೆಂದರೆ...” ಎನ್ನುವಷ್ಟರಲ್ಲಿ ಬಂದ್! ಮೂರು ದಿನ ಇದೇ ಕಥೆ. ಮೊಬೈಲಿನಲ್ಲಿ ಹುಡುಕಿದರೆ ಒಬ್ಬ “ಇನ್ನೂ ಐದು ವರ್ಷ ಚಿಂತೆಯಿಲ್ಲ” ಎಂದ, ಇನ್ನೊಬ್ಬ “ಇವತ್ತೇ ಬಿಸಾಡಿ” ಎಂದ. ನನಗೆ ಊಟ ಸೇರಲಿಲ್ಲ. ನನ್ನ ಹಟದಿಂದ ಮಗಳ ಕೆಲಸ ತಪ್ಪಿದರೆ?

“ಕೆಳಗಿನ ನವಾಜನನ್ನು ಕರೀರಿ ಮಾರಾಯ್ರೆ,” ಎಂದಳು ಹೆಂಡತಿ ವಿನೋದಿನಿ. ನವಾಜ ನಮ್ಮ ಬಿಲ್ಡಿಂಗಿನ ಕೆಳಗೆ ರಿಪೇರಿ ಅಂಗಡಿ ಇಟ್ಟಿರುವ ವಿಜಯಪುರದವನು.

“ಅವ ಎಂಥ ಹೇಳ್ತಾನೆ? ನಾನು ಇದನ್ನು ಮನೆ ಮಗನ ಹಾಗೆ ನೋಡಿಕೊಂಡಿದ್ದೇನೆ!”

ಸುಳ್ಳಲ್ಲ. ಒಂದು ಆಯುಧಪೂಜೆಯಲ್ಲೂ ಕಂಪ್ಯೂಟರಿನ ಪೆಟ್ಟಿಗೆಗೆ ಕುಂಕುಮ, ಗೊಂಡೆ ಹೂ, ಅಕ್ಷತೆ ತಪ್ಪಿಸಿದವನಲ್ಲ ನಾನು.

ಶುಕ್ರವಾರ ಬಂತು, ತೀರ್ಮಾನ ಬರಲಿಲ್ಲ. ಇನ್ನು ದೇವರೇ ಗತಿ ಎಂದು ಎರಡೂವರೆಗೆ ಮಡಿಯುಟ್ಟು ಪೆಟ್ಟಿಗೆಗೆ ವಿಶೇಷ ಪೂಜೆ ಮಾಡಿದೆ. ಸಂದರ್ಶನವಲ್ಲವೇ, ಎರಡು ಹಿಡಿ ಅಕ್ಷತೆ ಹೆಚ್ಚೇ ಹಾಕಿದೆ!

ಮೂರಕ್ಕೆ ಯಕ್ಷಿತಾ ಸ್ವಿಚ್ ಒತ್ತಿದಳು. ಒಳಗಿನಿಂದ ಕಟಕಟ ಕಟಕಟ ಸದ್ದು. ಎರಡೇ ನಿಮಿಷಕ್ಕೆ ಬಂದ್.

“ಪಪ್ಪಾ, ಯೇ ಕ್ಯಾ ಕಿಯಾ ಆಪ್‌ನೇ? ಏನು ಮಾಡಿಬಿಟ್ರಿ?” ಅವಳ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ವಿನೋದಿನಿ ನನ್ನನ್ನು ಕೇಳಲಿಲ್ಲ. ಕಿಟಕಿಯಿಂದ ಬಗ್ಗಿ “ನವಾಜ, ಜಲ್ದಿ ಬಾ!” ಎಂದು ಕೂಗಿದಳು.

ನವಾಜ ಬಂದು ಪೆಟ್ಟಿಗೆಯ ಸ್ಕ್ರೂ ಬಿಚ್ಚಿದ. ಒಳಗೆ ಇಣುಕಿ ವಿನೋದಿನಿಯತ್ತ ತಿರುಗಿದ.

“ಅಕ್ಕಾರ, ಒಂದು ತಾಟು ಕೊಡ್ರಿ.”

ಸ್ಟೀಲ್ ತಟ್ಟೆ ಬಂತು. ಮೇಲಿನ ಜಾಲರಿಯಿಂದ ಒಳಗಿಳಿದಿದ್ದ ಹನ್ನೆರಡು ವರ್ಷಗಳ ಅಕ್ಷತೆ, ಒಣಗಿದ ಗೊಂಡೆ ಎಸಳು, ಕುಂಕುಮದ ಹೆಂಟೆ ಎಲ್ಲವನ್ನೂ ಬ್ರಶ್ಶಿನಿಂದ ಕೆರೆದು ಅದಕ್ಕೆ ಸುರಿದ. ತಟ್ಟೆ ತುಂಬಿತು!

“ಪ್ರೊಸೆಸರ್ ಗಟ್ಟಿ ಐತ್ರಿ ಸರ. ಫ್ಯಾನಿಗೆ ತಿರಗಾಕ ಜಾಗಾ ಇಲ್ರಿ, ಪಾಪ.”

“ಅಂದರೆ ಬದಲಿಸುವುದು ಬೇಡವಾ?” ಎಂದೆ ಮೆಲ್ಲಗೆ.

“ಪ್ರೊಸೆಸರ್ ಬೇಡ,” ಎಂದಳು ವಿನೋದಿನಿ. “ಪೂಜೆಯ ಭಟ್ರನ್ನು ಬದಲಿಸಿದರೆ ಸಾಕು!”

ಮೂರು ಐವತ್ತಕ್ಕೆ ಕಂಪ್ಯೂಟರ್ ಸದ್ದಿಲ್ಲದೆ ಎದ್ದಿತು. ಯಕ್ಷಿತಾ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ತಟ್ಟೆಯನ್ನು ಒಳಗೇ ಇಟ್ಟುಕೊಂಡದ್ದನ್ನು ಆ ಗಾಬರಿಯಲ್ಲಿ ನಾನು ಗಮನಿಸಲೇ ಇಲ್ಲ. ಹೊರಗೆ ನಿಂತು ಬಾಗಿಲಿಗೆ ಕಿವಿಯಿಟ್ಟೆ. ಹದಿನೈದು ನಿಮಿಷ ದಾಟಿತು, ಇಪ್ಪತ್ತಾಯಿತು, ಬಂದ್ ಆಗಲಿಲ್ಲ. ಆದರೆ ಒಳಗೆ ಯಾರೋ ಗೊಳ್ಳೆಂದು ನಗುತ್ತಿದ್ದರು!

ಐದಕ್ಕೆ ಅವಳು ಹೊರಗೆ ಬಂದಳು.

“ಏನಾಯಿತು ಮಗಾ?”

“ಮಿಲ್ ಗಯಾ, ಪಪ್ಪಾ! ಸೋಮವಾರದಿಂದ ಶಾಲೆ. ‘ಮಶೀನ್ ಗರಂ ಯಾಕೆ ಆಗ್ತದೆ’ ಅಂತ ಪಾಠ ಮಾಡಿದೆ. ಆ ತಟ್ಟೆ ತೋರಿಸಿದೆ. ಮಕ್ಕಳಿಗೂ ತೋರಿಸ್ಬೇಕಂತೆ, ಸೋಮವಾರ ತಟ್ಟೆ ತಗೊಂಡು ಬಾ ಅಂದ್ರು.”

ನನ್ನ ಜೀವ ತಂಪಾಯಿತು. “ಓಹೋ, ತಗೊಂಡು ಹೋಗು, ಅದಕ್ಕೇನಂತೆ!” ಎಂದೆ ಧಾರಾಳವಾಗಿ.

“ಮತ್ತೆ... ಪಪ್ಪಾ, ಆಗೋದಾದ್ರೆ ಅಕ್ಷತೆ ಹಾಕಿದವರನ್ನೂ ಕರ್ಕೊಂಡು ಬಾ ಅಂದ್ರು.”