ರ‍್ಯಾಲಿಯಲ್ಲಿ ರಾಗಿ ಒಕ್ಕಿದ್ದು

ಲಡಾಖಿನ ಕಣಿವೆಯಿಂದ ಕಛ್‌ನ ಉಪ್ಪುಬಯಲಿನವರೆಗೆ ಬೈಕಿನಲ್ಲಿ ಸುತ್ತಿದ್ದೇನೆ, ಅಲ್ಲೆಲ್ಲೂ ನನ್ನ ಮಾನ ಹೋಗಲಿಲ್ಲ. ಕೋಲಾರದ ಸುತ್ತಮುತ್ತ ಗಾಡಿ ಹತ್ತಿದರೆ ಮಾತ್ರ ಏನಾದರೊಂದು ಫಜೀತಿಯಾಗದೆ ಮನೆ ಸೇರಿದ್ದಿಲ್ಲ. ಎಂಬತ್ತರ ದಶಕದ ಮೊದಲಲ್ಲಿ, ಒಂದೇ ರ‍್ಯಾಲಿಯಲ್ಲಿ ಆದದ್ದಿಷ್ಟು.

ಸೀಮೆ ಹಸು

ಹವ್ಯಾಸಿಗಳಿಗೆಂದು ಅರ್ಧ ದಿನದ ಬೈಕ್ ರ‍್ಯಾಲಿ. ಕೋಲಾರದಿಂದ ಶ್ರೀನಿವಾಸಪುರ, ಅಲ್ಲಿಂದ ಹಳ್ಳಿ ರಸ್ತೆಯಲ್ಲಿ ಮುಳಬಾಗಿಲು. ಮೊದಲು ಬಂದವರು ಗೆಲ್ಲುವ ಆಟವಲ್ಲ. ಚೆಕ್‌ಪೋಸ್ಟಿಗೆ ಹೇಳಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕು. ತಡವಾದರೂ ಅಂಕ ಹೋಯಿತು, ಬೇಗ ಬಂದರೂ ಹೋಯಿತು.

ನಮ್ಮ ಯಜಮಾನರು ಹಿಂದೆ ಕೂತು ಗಡಿಯಾರ ನೋಡಲು ಒಪ್ಪಿದರು, ಒಂದು ಷರತ್ತಿನ ಮೇಲೆ. "ಬಹುಮಾನ ಬರ್ಲಿಲ್ಲ ಅಂದ್ರೆ ನಿನ್ ಬೈಕ್ ಮಾರಿ ಸೀಮೆ ಹಸು ತರ್ತೀನಿ."

"ಬೈಕಿಗೂ ಹಸುಗೂ ಏನ್ರೀ ಸಂಬಂಧ?"

"ಹಸು ಹುಲ್ಲು ತಿಂದು ಹಾಲು ಕೊಡುತ್ತೆ. ಇದು ಪೆಟ್ರೋಲ್ ಕುಡಿದು ಹೊಗೆ ಕೊಡುತ್ತೆ."

ಹೀಗೆ ನನ್ನ ಬೆನ್ನ ಹಿಂದೆಯೇ ಹಸುವಿನ ಪಕ್ಷದವರನ್ನು ಕೂರಿಸಿಕೊಂಡು ಹೊರಟೆ.

ತಳ್ಳಿದ ಉಪಕಾರ

ಶ್ರೀನಿವಾಸಪುರದ ಚೆಕ್‌ಪೋಸ್ಟಿಗೆ ಸ್ವಲ್ಪ ಹಿಂದೆ, ಟೀ ಅಂಗಡಿಯ ಮುಂದೆ, ಬೇಗ ಬಂದವರೆಲ್ಲ ಗಾಡಿ ನಿಲ್ಲಿಸಿ ನಿಮಿಷ ಕಾಯುತ್ತಿದ್ದೆವು. ಅಂಗಡಿಯವನ ಕರುಳು ಚುರುಕ್ ಎಂದಿತು.

"ಪಾಪ, ಎಲ್ಲಾರ ಗಾಡೀನೂ ಇಲ್ಲೇ ಕೆಟ್ಟೋಗಿದೆ ಕಣ್ರೋ, ಬನ್ರೋ!" ಎಂದು ಗಿರಾಕಿಗಳನ್ನು ಎಬ್ಬಿಸಿದ. ಮುಂದಿದ್ದ ಬೆಂಗಳೂರಿನ ಸವಾರ "ಬೇಡ, ಬೇಡ!" ಎಂದು ಕೂಗುತ್ತಿದ್ದಂತೆಯೇ ಅವನನ್ನು ಗಾಡಿಸಮೇತ ಚೆಕ್‌ಪೋಸ್ಟಿನ ಗೆರೆ ದಾಟಿಸಿಯೇ ಬಿಟ್ಟರು. ಅಂಕ ಹೋಯಿತೆಂದು ಅವನು ತಲೆ ಹಿಡಿದು ಕೂತರೆ, ಅಂಗಡಿಯವನು ಬೆನ್ನು ತಟ್ಟಿ, "ಅಳ್ಬೇಡ ಸಾಮಿ, ಬೇಕಾದ್ರೆ ಮುಳಬಾಗ್ಲುಗಂಟ ತಳ್ತೀವಿ" ಎಂದ.

ಇನ್ನೊಂದು ಕಿತ

ನಾವು ಸರಿಯಾದ ಹೊತ್ತಿಗೆ ಗೆರೆ ದಾಟಿದೆವು. ಅಷ್ಟರಲ್ಲಿ ಇವರ ಗಡಿಯಾರ ನಿಂತಿತು, ಬೆಳಿಗ್ಗೆ ಕೀ ಕೊಟ್ಟಿರಲಿಲ್ಲವಂತೆ. ತಡವಾದೀತೆಂಬ ಭಯಕ್ಕೆ ಗಾಡಿ ಹಾರಿಸಿದೆ. ಒಂದು ಹಳ್ಳಿಯ ತಿರುವಿನಲ್ಲಿ ರಸ್ತೆ ತುಂಬಾ ರಾಗಿ ತೆನೆ ಹರಡಿದ್ದರು, ಬಸ್ಸು ಲಾರಿ ಹತ್ತಿ ಕಾಳು ಉದುರಲಿ ಅಂತ. ನಡುವೆ ಒಬ್ಬ ಅಜ್ಜಿ ಕೋಲು ಅಡ್ಡ ಹಿಡಿದು ನಿಂತಿದ್ದಳು.

"ಬೆಳಗಿಂದ ಬಸ್ಸಿಲ್ಲ. ಬೈಕ್‌ನೋರೆಲ್ಲ ಪಕ್ಕದಾಗೆ ಹೋದ್ರು. ನೀನಾದ್ರೂ ಮೇಲೆ ಹತ್ತಿಸಮ್ಮಾ."

ಹತ್ತಿಸಿದೆ.

"ಇನ್ನೊಂದು ಕಿತ."

"ನಂದು ರೇಸು ಕಣಜ್ಜಿ!"

"ನಂದು ರಾಗಿ ಕಣಮ್ಮಾ. ರಾ ತಲ್ಲಿ, ಇಂಕೊಕಸಾರಿ," ಎಂದು ತೆಲುಗಿನಲ್ಲೂ ಇನ್ನೊಂದು ಸಲ ಕರೆದಳು.

ಇವರು ಆಗಲೇ ಇಳಿದು, ಪ್ಯಾಂಟು ಮಡಿಸಿ, ಅಜ್ಜಿಯ ಕೋಲು ಇಸಕೊಂಡು ಹುಲ್ಲು ತಿರುವಿ ಹಾಕುತ್ತಿದ್ದರು. "ಓಡ್ಸು, ಓಡ್ಸು. ವಯಸ್ಸಾದೋರ ಮಾತು ಮೀರಬಾರ್ದು." ಅವರ ಮುಖದಲ್ಲಿ ಹಸು ಆಗಲೇ ಕರು ಹಾಕಿತ್ತು.

ಅಜ್ಜಿ ಬಿಟ್ಟಾಗ ಚಕ್ರದ ಕಡ್ಡಿಗಳಲ್ಲೆಲ್ಲ ಹುಲ್ಲು. ಮುಳಬಾಗಿಲಿನಲ್ಲಿ ತಲೆ ತಗ್ಗಿಸಿ ಗೆರೆ ದಾಟಿದರೆ, ಚೆಕ್‌ಪೋಸ್ಟಿನವರು ಕೈ ಕುಲುಕಿದರು. ಹೇಳಿದ ನಿಮಿಷಕ್ಕೆ ಸರಿಯಾಗಿ ಬಂದವರು ನಾವೊಬ್ಬರೇ! ನಾನು ಹಾರಿಸಿ ಉಳಿಸಿದ್ದ ಹೊತ್ತನ್ನೆಲ್ಲ ಅಜ್ಜಿ ರಾಗಿಗೆ ಖರ್ಚು ಮಾಡಿಸಿದ್ದಳು. ಬೈಕು ಉಳಿಯಿತು.

ಮರುವರ್ಷ ಸುಗ್ಗಿಯಲ್ಲಿ ಅದೇ ದಾರಿಯಲ್ಲಿ ಒಬ್ಬಳೇ ಹೊರಟಿದ್ದೆ. ಅಜ್ಜಿ ಕೋಲು ಅಡ್ಡ ಹಿಡಿದಳು. ಖಾಲಿ ಸೀಟು ನೋಡಿ ಮುಖ ಸಪ್ಪಗಾಯಿತು.

"ನಿನ್ ಆಳು ಎಲ್ಲಮ್ಮಾ? ಕೆಲಸ ಬಿಟ್ಟೋದ್ನಾ? ಇದ್ರೆ ನಮ್ಮನೇಗೆ ಕಳ್ಸು ತಾಯಿ. ಸೀಮೆ ಹಸು ತಂದಿದೀವಿ, ನೋಡ್ಕೊಳ್ಳೋಕೆ ಯಾರೂ ಇಲ್ಲ."